ಹೆಬ್ಬೆಟ್ಟಿನಷ್ಟು ಜಾಗ

ಹಳೇ ಪಿ.ಬಿ. ರಸ್ತೆಯ ಶೆಡ್ಡಿನೊಳಗೆ
ಮೊದಲ ಕೆಲಸ ಪೈಪಿನ ಮೈ ಕೆರೆಯೋದು.
ಗಾಜಿನ ಪೆಟ್ಟಿಗೆಗೆ ಕೈ ತೂರಿಸಿ
ಮರಳು ಹೊಡೀತೀನಿ, ಶರ್ರಂತ.
ತುಕ್ಕು, ಮಸಿ,
ಯಾರದೋ ಸವಾರಿಯ ನಾಲ್ಕು ಮಳೆಗಾಲ ಉದುರಿ
ಉಕ್ಕು ಬರಿಮೈಗೆ ಬರುತ್ತೆ,
ಈಗಷ್ಟೇ ತಲೆ ಬೋಳಿಸಿಕೊಂಡ ಹುಡುಗನ ಹಾಗೆ.

ಆಮೇಲೆ ಬರಿಗೈಲಿ ಮುಟ್ಟೋ ಹಾಗಿಲ್ಲ.
ಬೆರಳಿನ ಜಿಡ್ಡು ಕಣ್ಣಿಗೆ ಕಾಣಲ್ಲ,
ಲೇಪ ಅದನ್ನ ಮರೆಯಲ್ಲ.
ಕೆಲಸಕ್ಕೆ ಸೇರಿದ ದಿನ ರುದ್ರಮುನಿ ಸಾಹುಕಾರ್ರು
ಹೇಳಿಕೊಟ್ಟ ಮಂತ್ರ ಇದೊಂದೇ:
"ಗ್ಲೌಸ್ ಹಾಕ್ಕೋ ದಾದಾಪೀರ್."

ಮರಳು ನಮ್ಮನೆಗೆ ಹೊಸದಲ್ಲ.
ಅಮ್ಮ ಮೂವತ್ತೊಂದು ವರ್ಷ ಮಂಡಕ್ಕಿ ಭಟ್ಟಿಯಲ್ಲಿ
ಕಾದ ಮರಳಿನ ಬಾಣಲೆ ಎದುರು ಕೂತವಳು.
ಅಕ್ಕಿ ಸುರಿ, ತಿರುವು, ಜರಡಿಗೆ ಬೀಳಿಸು.
ಅಕ್ಕಿ ಸೀಯಲ್ಲ, ಅರಳುತ್ತೆ.
ಮರಳು ನಡುವೆ ನಿಂತು
ಬೆಂಕಿಗೆ ಬುದ್ಧಿ ಹೇಳುತ್ತೆ, ಅಂತಿದ್ದಳು.
ಅವಳಿಗೂ ಬೆಂಕಿಗೂ ನಡುವೆ
ನಿಲ್ಲೋರು ಯಾರೂ ಇರಲಿಲ್ಲ.

ಹೋದ ವರ್ಷ ರೇಷನ್ ಅಂಗಡೀಲಿ
ಯಂತ್ರದ ಕೆಂಪು ಗಾಜಿನ ಮೇಲೆ ಹೆಬ್ಬೆಟ್ಟಿಟ್ಟಳು.
ಯಂತ್ರ ಇಲ್ಲ ಅಂತು. ಸೆರಗಿಗೆ ಒರೆಸಿ ಇಟ್ಟಳು. ಇಲ್ಲ.
ಎಡಗೈ. ಇಲ್ಲ.
ಸಾಲಿನಲ್ಲಿದ್ದವರೊಬ್ಬರು ಎಣ್ಣೆ ಹಚ್ಚಿ ಅಂದ್ರು,
ಇನ್ನೊಬ್ರು ನಿಂಬೆಹಣ್ಣು.
ಗೆರೆಯೇ ಇರಲಿಲ್ಲ ಅಲ್ಲಿ,
ಸವೆದ ಹತ್ತು ಪೈಸೆಯಷ್ಟು ನುಣ್ಣಗೆ.
ಜೈತುನ್‌ಬಿ, ಅರವತ್ನಾಲ್ಕು, ಅಂತ ಪರದೆ ಮೇಲಿತ್ತು;
ಎದುರಿಗೇ ನಿಂತಿದ್ದವಳ ಗುರುತು ಹತ್ತಲಿಲ್ಲ.

ಮೊನ್ನೆ ಹಾಲಮ್ಮ ಬಂದಳು,
ಗೂಡ್ಸ್ ಆಟೋ ತಾನೇ ಓಡಿಸ್ಕೊಂಡು.
ವೀಳ್ಯದೆಲೆ ಹೊರೋ ಗಾಡಿ.
"ಸೈಲೆನ್ಸರ್ ಕಾವಿಗೆ ತಳದ ಪೆಂಡಿ ಬೇಯ್ತಾವಪ್ಪ.
ದಿನಾ ಎರಡು ಪೆಂಡಿ ಮೇಕೆ ಪಾಲು.
ಅದೇನೋ ಹಚ್ತೀರಂತಲ್ಲ, ಕಾವು ತಡೆಯೋದು,
ಅದನ್ನ ಹಚ್ಚು."
ಸಾಹುಕಾರ್ರು ನಕ್ಕರು: ಅದು ರೇಸ್ ಬೈಕ್ ಹುಡುಗರ ಮಾಲಮ್ಮ,
ನಿನ್ನ ಗಾಡಿಗಿಂತ ಲೇಪವೇ ತೂಕ ಆಗುತ್ತೆ.
ಅವಳು ನಗಲಿಲ್ಲ. ಸೊಂಟದ ಚೀಲ ಬಿಚ್ಚಿ
ಎಣಿಸೋಕೆ ಶುರು ಮಾಡಿದಳು, ಹತ್ತು, ಇಪ್ಪತ್ತು,
ಎಲ್ಲ ನೋಟಿಗೂ ಎಲೆಯ ವಾಸನೆ.
ಎಣಿಕೆ ಇನ್ನೂ ಮುನ್ನೂರು ಮುಟ್ಟಿರಲಿಲ್ಲ,
ಸಾಹುಕಾರ್ರು ಕೈ ಅಡ್ಡ ಹಿಡಿದು
"ಡಬ್ಬಿ ತಳದಾಗೆ ಉಳಿದಿದ್ದು ಹೊಡೆದುಕೊಡೋ" ಅಂದು
ಫೋನಿಗೆ ತಿರುಗಿದರು.

ಮೂರು ಪದರ ಹೊಡೆದೆ, ಮೂರೂ ಸೇರಿ ಕೂದಲಷ್ಟು ತೆಳು.
ಕುಂಬಾರರ ಮಣ್ಣಿಗೆ ದೂರದ ನೆಂಟ ಇದು,
ಓದಿ, ಪ್ಯಾಂಟು ತೊಟ್ಟು ಬಂದ ನೆಂಟ.
ಬೆಂಕಿಯನ್ನ ಕೊಲ್ಲೋದಿಲ್ಲ;
ಹೊರಗಿಣುಕದೆ ಪೈಪಿನೊಳಗೇ
ಬಾಲದ ತನಕ ನಡೀ ಅನ್ನುತ್ತೆ, ಅಷ್ಟೇ.
ಒಲೆಯ ಕಾವು ಮೆಟ್ಟಿಲು ಮೆಟ್ಟಿಲಾಗಿ ಏರಬೇಕು,
ಎಂಬತ್ತು, ನೂರೈವತ್ತು, ಇನ್ನೂರೈವತ್ತು.
ಅವಸರಿಸಿದರೆ ಗುಳ್ಳೆ.

ಬಾಗಿಲು ತೆರೆದರೆ
ಎಮ್ಮೆಕರುವಿನ ಮೈಯಂಥ ಬೂದುಗಪ್ಪು.
ಪೈಪು ಬಾಗಿದ ಕಡೆ ಮಾತ್ರ
ಹೆಬ್ಬೆಟ್ಟಿನಷ್ಟು ಜಾಗ ಲೇಪ ಹಿಡಿದಿರಲಿಲ್ಲ.
ಗೆರೆ ಸಮೇತ. ಸುಳಿ, ಸುಳಿಯ ಮೇಲೆ
ಚಿಕ್ಕಂದಿನಲ್ಲಿ ಕುಡುಗೋಲು ತಾಗಿದ ಗೀಟು.
ನನ್ನದೇ.
ಯಾವಾಗ ಮುಟ್ಟಿದೆನೋ.

ಡಬ್ಬಿ ಖಾಲಿ. ಬೆಳಗಿನ ಲೋಡಿಗೆ ಗಾಡಿ ಬೇಕು.
ಬಚ್ಚಿಡೋಕಾಗದೆ ತೋರಿಸಿದೆ.
ಹಾಲಮ್ಮ ಬಗ್ಗಿ ನೋಡಿದಳು, ಕನ್ನಡಕ ಏರಿಸಿ, ಇಳಿಸಿ.
"ಇಷ್ಟರಾಗೆ ಬಂದ್ರೆ ಬರ್ಲಿ ಬಿಡು,
ಆ ಮಗ್ಗುಲಿಗೆ ಸ್ಟೆಪ್ನಿ ಇಡ್ತೀನಿ."

ರಾತ್ರಿ ಅಮ್ಮನಿಗೆ ಹೇಳಿದೆ.
ಕುದಿಯೋ ಚಾದ ಸ್ಟೀಲ್ ಲೋಟ ಮುಷ್ಟಿಯಲ್ಲೇ ಹಿಡಿದಿದ್ದಳು,
ಅದನ್ನ ಕೆಳಗಿಟ್ಟು
ನನ್ನ ಹೆಬ್ಬೆಟ್ಟನ್ನ ದೀಪದ ಕಡೆ ತಿರುಗಿಸಿ
ತನ್ನ ಹೆಬ್ಬೆಟ್ಟಿನಿಂದ ಸವರಿದಳು,
ಬಟ್ಟೆ ಅಂಗಡೀಲಿ ನೂಲು ನೋಡ್ತಾರಲ್ಲ, ಹಾಗೆ.
"ಉಕ್ಕಿನ ಮೇಲೇ ಬಿದ್ದೈತಲ್ಲ.
ರೇಷನ್ನಿಗೆ ಇನ್ಮೇಲೆ ನೀನೇ ಹೋಗು."